ಅಂಕಲ್ ಅವರ ಮೈಸೂರಿನ ಸ್ನೇಹಿತ

ಮಿತ್ರರೇ, ಇಂದು ಮಧ್ಯಾಹ್ನ ನಮ್ಮ ಮನೆಯಲ್ಲಿ ಒಂದು ಮಹಾನಿರ್ಣಯವಾಯಿತು.

ನನ್ನ ಹೆಂಡತಿ ಶುಭಾ ಮಾನಸಿಕ ರೋಗಿಗಳ ವಾರ್ಡಿನಲ್ಲಿ ನರ್ಸ್. ತಾನೇ ಔಷಧಿ ಬರೆದುಕೊಡಬಲ್ಲ ನರ್ಸ್ ಪ್ರಾಕ್ಟೀಷನರ್ ಆಗುವ ಆನ್‌ಲೈನ್ ಮಾಸ್ಟರ್ಸ್‌ಗೆ ಅರ್ಜಿ ಹಾಕಲು ಇವತ್ತೇ ಕಡೆಯ ದಿನ. ಒಂದು ಕೋರ್ಸಿನಲ್ಲಿ ಓದೇ ಹೆಚ್ಚು. ಇನ್ನೊಂದರಲ್ಲಿ ರೋಗಿಗಳನ್ನು ಕೂರಿಸಿಕೊಂಡು ಮಾತಾಡಿಸುವ ಕಠಿಣ ತರಬೇತಿ. "ಅದು ನನ್ ಕೈಲಾಗಲ್ಲ ಕಣ್ರೀ" ಎಂದು ಸುಲಭದ್ದಕ್ಕೇ ಮನಸ್ಸು ಮಾಡಿದ್ದಳು.

ಆಗ ನಮ್ಮ ಡಬ್ಬಿ ವಾಪಸು ಕೊಡಲು ಅಂಕಲ್ ಒಬ್ಬರು ಬಂದರು. ಹೆಸರು ಬೇಡ, ಕಡಲಾಚೆಯ ಈ ನಮ್ಮ ಹ್ಯಾರಿಸ್‌ಡೇಲ್ ಬಡಾವಣೆಯಲ್ಲೂ ಕನ್ನಡದ ಅಂಕಲ್‌ಗಳಿಗೆ ಬರವಿಲ್ಲ. ಖಾಲಿ ಡಬ್ಬಿ ಕೊಡಬಾರದೆಂದು ಚಕ್ಕುಲಿ ತುಂಬಿದ್ದರು, ಜೊತೆಗೆ ಉಪದೇಶವನ್ನೂ ತಂದಿದ್ದರು.

"ಮನಸ್ಸಿಗೆಲ್ಲ ಯಾರಮ್ಮ ಔಷಧಿ ತಗೋತಾರೆ? ಹಾರ್ಟ್ ಓದು."

ಕಾಫಿ ಮುಗಿದರೂ ಏಳಲಿಲ್ಲ. "ಮೈಸೂರಲ್ಲಿ ನನ್ ಫ್ರೆಂಡ್ ಒಬ್ಬ ಇದಾನೆ. ರಿಟೈರ್ ಆದ್ಮೇಲೆ ನಿದ್ದೇನೇ ಇಲ್ಲ ಅವನಿಗೆ."

ಶುಭಾ ಲ್ಯಾಪ್‌ಟಾಪ್ ಮುಚ್ಚಿದಳು. "ಹಗಲು ಹೇಗೆ ಕಳೀತಾರೆ ಅಂಕಲ್?"

"ಎಲ್ಲಿಗೆ ಹೋಗ್ತಾನಮ್ಮ? ಕಾರಿಲ್ದೆ ಈ ಹ್ಯಾರಿಸ್‌ಡೇಲಲ್ಲಿ ಹಾಲು ತರಕ್ಕೂ ಆಗಲ್ಲ."

ನಾನು ಬಾಯಿ ತೆರೆದೆ. ಶುಭಾ ಅದಕ್ಕೊಂದು ಚಕ್ಕುಲಿ ಇಟ್ಟಳು. ಆಮೇಲೆ ಅವಳು ಕೇಳುತ್ತ ಹೋದಳು, ಅವರು ಹೇಳುತ್ತ ಹೋದರು. ಹೊರಡುವಾಗ ಅಂಕಲ್ ಮುಖ ಹಗುರವಾಗಿತ್ತು.

"ನಾಳೆ ವಾಕಿಂಗ್ ಬನ್ನಿ ಅಂಕಲ್. ಡಾಕ್ಟ್ರ ಹತ್ರ ಏನು ಹೇಳ್ಬೇಕು ಅಂತ ಮಾತಾಡೋಣ."

"ಅವನನ್ನೂ ಕರ್ಕೊಂಡೇ ಬರ್ತೀನಿ ಬಿಡಮ್ಮ."

ಬಾಗಿಲು ಹಾಕಿ ಬಂದವಳೇ ಆ ಕಠಿಣ ಕೋರ್ಸಿಗೇ ಅರ್ಜಿ ಕಳಿಸಿದಳು. ನಾಳೆಯ ವಾಕಿಂಗಿಗೆ ನನಗೂ ಅಪ್ಪಣೆ ಸಿಕ್ಕಿದೆ. ಸ್ನೇಹಿತರು ಮೈಸೂರಿನಿಂದ ಯಾವ ವಿಮಾನದಲ್ಲಿ ಬಂದರು ಎಂದು ಮಾತ್ರ ಕೇಳುವಂತಿಲ್ಲ.