ಅತ್ತಿಗೆಯ ಬೆಳಗಿನ ವಾಕಿಂಗ್

ಅಣ್ಣನ ಬಸ್ಸಿನಲ್ಲಿ ಒಂದು ಟ್ಯಾಂಕ್ ನೀರು ಹತ್ತು ದಿನ ಬರುತ್ತದೆ ಎಂದರೆ ಬರುತ್ತಿತ್ತು. ಒಂದು ದಿನ ಹೆಚ್ಚಿಗೆ ಬಂದದ್ದುಂಟು, ಕಡಿಮೆ ಬಿದ್ದದ್ದನ್ನು ನಾನು ಕಂಡಿರಲಿಲ್ಲ. ಅಷ್ಟೇ ದೊಡ್ಡ ಟ್ಯಾಂಕ್ ಇಟ್ಟುಕೊಂಡ ಬೇರೆಯವರು ನಾಲ್ಕನೇ ದಿನಕ್ಕೆಲ್ಲ ನಲ್ಲಿ ಹುಡುಕಿಕೊಂಡು ಊರ ಕಡೆ ಓಡುತ್ತಿದ್ದರು. ಹಾಗಾಗಿ ಬಯಲಲ್ಲಿ ಗಾಡಿ ನಿಲ್ಲಿಸಿಕೊಂಡು ವಾರಗಟ್ಟಲೆ ಇರುವ ಆ ಜನರೆಲ್ಲ ಅವನನ್ನು ನೀರಿನ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಮೇಷ್ಟ್ರು ಹೆಸರಿಗಷ್ಟೇ, ಅವನು ಹಿಂದೆ ಓಡಿಸುತ್ತಿದ್ದದ್ದು ಸಿಟಿ ಬಸ್ಸು.

ಆದರೆ ನಾನು ಹೇಳಹೊರಟದ್ದು ಅವನ ಕಥೆಯಲ್ಲ, ಅತ್ತಿಗೆಯದು. ಅವನ ಕಥೆಯನ್ನು ಅವನೇ ಬೇಕಾದಷ್ಟು ಸಲ ಹೇಳಿಯಾಗಿದೆ.

ಅತ್ತಿಗೆ ಮದುವೆಗೆ ಮುಂಚಿನಿಂದಲೂ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದವರು. ನೆಲಮಾಳಿಗೆಯ ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಗುಡುಗುಟ್ಟುವ ಯಂತ್ರಗಳು, ಯಾವಾಗಲೂ ಸೋಪಿನ ಆವಿ. ಒದ್ದೆ ಬೆಡ್‌ಶೀಟಿನ ಮೂಟೆಗಳನ್ನು ಎತ್ತಿ ಎತ್ತಿ ಅವರ ತೋಳು ಎಷ್ಟು ಗಟ್ಟಿಯಾಗಿತ್ತೆಂದರೆ, ಬಿಗಿದ ಡಬ್ಬಿಯ ಮುಚ್ಚಳ ತೆಗೆಸಿಕೊಳ್ಳಲು ನಮ್ಮ ಮನೆಯ ಗಂಡಸರು ಅವರ ಹತ್ತಿರ ಬರುತ್ತಿದ್ದರು. ಮಾತು ಕಡಿಮೆ. ಯಂತ್ರದ ಸದ್ದಿನ ನಡುವೆ ಬಾಯಿ ನೋಯಿಸಿಕೊಂಡು ಲಾಭವಿಲ್ಲ ಎಂದು ಅಲ್ಲಿ ಕಲಿತದ್ದು, ಮನೆಗೆ ಬಂದರೂ ಬಿಡಲಿಲ್ಲ. ಅಣ್ಣ ಇಬ್ಬರ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುತ್ತಿದ್ದ.

ಸಂಜೆಯ ಹೊತ್ತಿಗೆ ಕಣ್ಣು ಮಂಜಾಗುತ್ತದೆ ಎಂದು ಡಿಪೋದವರು ಅಣ್ಣನನ್ನು ಸ್ಟೀರಿಂಗ್ ಬಿಡಿಸಿ ಮನೆಗೆ ಕಳಿಸಿದರು. ಹಗಲಲ್ಲಿ ಓಡಿಸಲು ಅಡ್ಡಿಯಿರಲಿಲ್ಲ, ಆದರೆ ಹಗಲಿಗಷ್ಟೇ ಆಗುವ ಡ್ರೈವರ್ ಯಾರಿಗೆ ಬೇಕು? ಕೆಲವು ತಿಂಗಳು ಗೋಡೆ ನೋಡಿಕೊಂಡು ಕೂತ. ಆಮೇಲೆ ಗುಜರಿಗೆ ಹೊರಟಿದ್ದ ಸ್ಕೂಲ್ ಬಸ್ಸೊಂದನ್ನು ತಂದ. ಸೀಟೆಲ್ಲ ಕಿತ್ತು ಮಂಚ, ಒಲೆ, ಮೂಲೆಗೊಂದು ಬಚ್ಚಲು ಕೂರಿಸಿದ. ಮಂಚದಡಿಗೆ ನೂರು ಲೀಟರಿನ ಟ್ಯಾಂಕ್. "ಇನ್ಮೇಲೆ ಯಾರ ಹಂಗೂ ಬೇಡ" ಎಂದ. ಕಿಟಕಿಗಳಿಗೆ ಪರದೆ ಹೊಲಿದುಕೊಟ್ಟವಳು ನಾನು, ಪರದೆ ಅಂಗಡಿಯಲ್ಲಿ ಹೊಲಿಯುವುದೇ ನನ್ನ ಕೆಲಸ. ಆ ಋಣಕ್ಕೆ ರಜೆ ಸಿಕ್ಕಾಗಲೆಲ್ಲ ಮೇಲಿನ ಮಂಚದಲ್ಲಿ ನನಗೊಂದು ಜಾಗ.

ಮೊದಲ ಸಲ ಹೋದಾಗ ಮೂರನೇ ದಿನಕ್ಕೇ ನೀರು ಮುಗಿಯಿತು. ಅಣ್ಣ ತಲೆಗೆ ಸೋಪು ಹಚ್ಚಿಕೊಂಡು ನಿಂತಿದ್ದ, ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ನಾನು ನಕ್ಕೆ. ಅವನು ಟವೆಲ್ ಸುತ್ತಿಕೊಂಡು ಹೊರಗೆ ಬಂದು ಬಸ್ಸಿನ ಮೆಟ್ಟಿಲ ಮೇಲೆ ಕೂತ. ನೊರೆ ತಲೆಯ ಮೇಲೇ ಒಣಗಿತು. "ಒಂದು ಟ್ಯಾಂಕ್ ನೋಡ್ಕೊಳ್ಳೋಕೂ ಬರಲ್ಲ ನಂಗೆ" ಎಂದವನು ಆ ದಿನವೆಲ್ಲ ಮತ್ತೆ ಬಾಯಿ ಬಿಡಲಿಲ್ಲ. ಅಣ್ಣ ಮಾತಾಡದ ದಿನ ಎಂದರೆ ಜ್ವರಕ್ಕಿಂತ ಹೆಚ್ಚು. ಅತ್ತಿಗೆ ಅವನನ್ನು ನೋಡುತ್ತಾ ನಿಂತಿದ್ದರು.

ಎರಡನೇ ಸಲದ ಹೊತ್ತಿಗೆ ಅವನು ಕಾನೂನು ಮಾಡಿಕೊಂಡಿದ್ದ. ಎಂಜಲು ತಟ್ಟೆಯನ್ನು ಮೊದಲು ಕಾಗದದಲ್ಲಿ ಒರೆಸಬೇಕು, ಆಮೇಲೆ ಸ್ಪ್ರೇ ಬಾಟಲಿಯಿಂದ ತೊಳೆಯಬೇಕು. ಬಿಸಿನೀರು ಬರುವ ಮುಂಚೆ ಬೀಳುವ ತಣ್ಣೀರನ್ನು ಕೆಟಲಿಗೆ ಹಿಡಿಯಬೇಕು. ಸ್ನಾನಕ್ಕೆ ಮೈ ಒದ್ದೆ ಮಾಡಿ ನಲ್ಲಿ ಮುಚ್ಚಿ, ಸೋಪು ಹಚ್ಚಿ, ಮತ್ತೆ ತೆರೆಯಬೇಕು. ನಾನು ಹಲ್ಲುಜ್ಜುವಾಗ ಹಿಂದೆ ನಿಂತು "ಮುಚ್ಚೇ! ಮುಚ್ಚು!" ಎಂದು ಕಿರುಚುತ್ತಿದ್ದ. ಹಣದ ವಿಷಯದಲ್ಲಿ ಧಾರಾಳಿ. ನೀರಿನ ವಿಷಯದಲ್ಲಿ ಮಾತ್ರ ಎಂಜಲು ಕೈಯಲ್ಲಿ ಕಾಗೆ ಓಡಿಸದವನಾದ. ಆ ಸಲ ನೀರು ಹತ್ತು ದಿನ ಬಂತು. ಅಲ್ಲಿಂದ ಮುಂದೆ ಅವನನ್ನು ಹಿಡಿಯುವವರೇ ಇರಲಿಲ್ಲ. ದಿನವೂ ಚಹಾ ಆದಮೇಲೆ ಗೋಡೆಯ ಮೇಲಿನ ಗುಂಡಿ ಒತ್ತುವುದು, ಟ್ಯಾಂಕಿನ ಮಟ್ಟ ತೋರಿಸುವ ನಾಲ್ಕು ದೀಪಗಳಲ್ಲಿ ಎಷ್ಟು ಉರಿಯುತ್ತವೆ ನೋಡುವುದು, ತನ್ನ ಬೆನ್ನು ತಾನೇ ತಟ್ಟಿಕೊಳ್ಳುವುದು.

ಅತ್ತಿಗೆಗೂ ಆಗಲೇ ಒಂದು ಅಭ್ಯಾಸ ಶುರುವಾಗಿತ್ತು. ಬೆಳಕು ಹರಿಯುತ್ತಲೇ ವಾಕಿಂಗ್. ಮೊಣಕಾಲಿಗೆ ಒಳ್ಳೆಯದು ಎನ್ನುತ್ತಿದ್ದರು. ನಾನೂ ಬರುತ್ತೇನೆಂದರೆ "ನೀನು ಮಲಗಮ್ಮ, ರಜೆಗೆ ಬಂದಿದೀಯ" ಎನ್ನುತ್ತಿದ್ದರು. ಮಲಗು ಎಂದರೆ ಮಲಗುವವಳೇ ನಾನು.

ಈ ಸಲ ನಿಂತದ್ದು ಮುಚ್ಚಿಹೋದ ಕಲ್ಲುಕೋರೆಯ ಹತ್ತಿರದ ಬಯಲಿನಲ್ಲಿ. ಪಕ್ಕದಲ್ಲೊಂದು ಸಣ್ಣ ವ್ಯಾನು. ಅದರಲ್ಲಿ ಟೈಲ್ಸ್ ಕೂರಿಸುವ ಕೆಲಸದವನೊಬ್ಬ, ಅವನ ಹೆಂಡತಿ, ಇನ್ನೂ ಹಲ್ಲು ಬಾರದ ಪಾಪು. ಮನೆ ಬಿಟ್ಟು ಹೀಗೆ ಹೊರಟದ್ದು ಅವರಿಗೆ ಇದೇ ಮೊದಲು. ಅಣ್ಣನಿಗೆ ಹಬ್ಬವೋ ಹಬ್ಬ. ಟೈಲ್ಸಿನವನು ಮೇಷ್ಟ್ರ ಮಾತಿಗೆಲ್ಲ ತಲೆಯಾಡಿಸುತ್ತಾ ಪಾಪುವಿನ ಬಾಟಲಿಯನ್ನೂ ಸ್ಪ್ರೇ ಹೊಡೆದೇ ತೊಳೆಯುತ್ತಿದ್ದ.

ಅಷ್ಟರಲ್ಲಿ ಅತ್ತಿಗೆಯ ಕೆನ್ನೆ ಊದಿಕೊಂಡಿತು. ಹಲ್ಲು ಕೀಳಿಸದೆ ವಿಧಿಯಿರಲಿಲ್ಲ. "ಬೇಡ, ಎಲ್ಲರೂ ವಾಪಸ್ ಹೋಗುವಾಗ ನೋಡೋಣ" ಎಂದು ಹಟ ಹಿಡಿದರು. ಡಾಕ್ಟರಿಗೆ ಹೆದರುತ್ತಾರೆಂದು ನಾವಿಬ್ಬರೂ ತಮಾಷೆ ಮಾಡಿದೆವು. ಕೊನೆಗೆ ಊರಿಗೆ ಹೊರಟ ಲಾರಿಯೊಂದಕ್ಕೆ ಅವರನ್ನು ಹತ್ತಿಸಿಕೊಂಡು ನನ್ನ ಮನೆಗೇ ಕರೆತಂದೆ. ಹಲ್ಲು ಕಿತ್ತಾಯಿತು. ಬಾವು ಇಳಿಯುವವರೆಗೆ ಮೂರು ರಾತ್ರಿ ಇದ್ದರು, ಇದ್ದಷ್ಟು ಹೊತ್ತೂ ಹೋಗೋಣ ಹೋಗೋಣ ಎಂದೇ ಜಪ.

ನಾವು ವಾಪಸ್ ಬಂದಾಗ ಬಿಸಿಲು ಏರಿತ್ತು. ಅಣ್ಣ ಬಸ್ಸಿನಡಿ ಅಂಗಾತ ಮಲಗಿದ್ದ, ಕಾಲು ಮಾತ್ರ ಹೊರಗೆ.

"ಬಂದ್ರಾ? ಟ್ಯಾಂಕ್ ಎಲ್ಲೋ ಸೋರ್ತಿದೆ ಕಣ್ರೇ. ನೀವು ಹೋದಾಗ ಮೂರು ದೀಪ ಇತ್ತು, ಈಗ ಒಂದೇ. ನಾನೊಬ್ಬ ಎಷ್ಟು ಕುಡೀತೀನಿ? ಹುಡುಕಿ ಹುಡುಕಿ ಸಾಕಾಯ್ತು, ಒಂದು ಹನಿ ಒದ್ದೆ ಇಲ್ಲ."

ಏನೂ ತಪ್ಪು ಮಾಡದ ಪೈಪೊಂದು ಬಿಚ್ಚಿಸಿಕೊಂಡು ಪಕ್ಕದಲ್ಲಿ ಬಿದ್ದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾನು ನಗುವುದರಲ್ಲಿದ್ದೆ. ಅತ್ತಿಗೆ ಬಸ್ಸಿನ ಕಡೆ ನೋಡುತ್ತಲೇ ಇರಲಿಲ್ಲ.

"ಪಕ್ಕದ ವ್ಯಾನ್ ಎಲ್ಲಿ ರೀ?"

"ಅವರಾ? ನೀವು ಹೋದ ಬೆಳಿಗ್ಗೇನೇ ಹೊರಟ್ರು, ಉಪ್ಪಿನ ಬಯಲಿಗೆ. ನಾನೇ ಕಳಿಸ್ದೆ. ಟ್ಯಾಂಕ್ ತುಂಬಿಸ್ಕೊಂಡಿದ್ರು. ಅಲ್ಲಿ ನೀರೂ ಇಲ್ಲ, ಫೋನೂ ಸಿಗಲ್ಲ ಅಂತ ಹೆದರ್ತಿದ್ದ. ನಂದೂ ನೂರು ಲೀಟರ್, ನಿಂದೂ ನೂರು ಲೀಟರ್, ನಾನು ಹೇಳಿದ ಹಾಗೆ ಮಾಡು, ಹತ್ತು ದಿನಕ್ಕೆ ನಾನು ಗ್ಯಾರಂಟಿ ಅಂದೆ. ಪಾಪ, ಇನ್ನೂ ಎರಡು ಕ್ಯಾನ್ ಹೆಚ್ಚಿಗೆ ತುಂಬಿಸ್ಕೊಂಡಿದ್ದ. ಭಾರ ಆದ್ರೆ ಚಕ್ರ ಹೂತ್ಕೊಳ್ಳುತ್ತೆ ಕಣೋ ಅಂತ ಇಳಿಸಿಬಿಟ್ಟೆ."

ಮೆಟ್ಟಿಲ ಪಕ್ಕ ಎರಡು ಬಿಳಿ ಕ್ಯಾನುಗಳು ಕತ್ತಿನವರೆಗೂ ನೀರು ತುಂಬಿಕೊಂಡು ನಿಂತಿದ್ದವು. ಅತ್ತಿಗೆ ಅವನ್ನು ನೋಡಿದರು. ಒಂದೊಂದನ್ನೇ ಎತ್ತಿ ಭಾರ ನೋಡಿ ಇಳಿಸಿದರು. ಮುಖದಲ್ಲಿ ರಕ್ತವೇ ಇರಲಿಲ್ಲ. ಹಲ್ಲಿನ ನೋವಿರಬೇಕೆಂದು ನಾನು ತೋಳು ಹಿಡಿದೆ, ಕೊಸರಿಕೊಂಡರು.

"ರೀ, ಹೊರಗೆ ಬನ್ನಿ. ಟ್ಯಾಂಕ್ ಸೋರ್ತಿಲ್ಲ."

"ಮತ್ತೆ ನೀರೆಲ್ಲಿ ಹೋಯ್ತು?"

"ಎಲ್ಲೂ ಹೋಗಿಲ್ಲ. ಬಂದಿಲ್ಲ. ಮೂರು ದಿನದಿಂದ ನಾನು ಇಲ್ಲಿರಲಿಲ್ಲವಲ್ಲ."

ಅಣ್ಣ ಹೊರಗೆ ತೆವಳಿ ಬಂದು, ಗ್ರೀಸು ಮೆತ್ತಿದ ಮುಖ ಎತ್ತಿ ಹೆಂಡತಿಯನ್ನು ನೋಡಿದ. ಅವನಿಗೆ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ. ಅತ್ತಿಗೆ ಬಸ್ಸಿನ ಹಿಂದಿನ ಡಿಕ್ಕಿ ತೆರೆದು, ಕಂಬಳಿ ಸರಿಸಿ, ಎರಡು ನೀಲಿ ಕ್ಯಾನುಗಳನ್ನು ಎಳೆದು ನಮ್ಮೆದುರು ಇಟ್ಟರು. ಹಿಡಿಕೆಗಳಿಗೆ ಸುತ್ತಿದ್ದ ಬಟ್ಟೆ ಸವೆದು ನುಣುಪಾಗಿತ್ತು. ಆ ಬಟ್ಟೆಯ ಗುರುತು ನನಗೆ ಸಿಕ್ಕಿತು, ನಾನು ಹೊಲಿದ ಪರದೆಯ ಚೂರು.

"ಕೋರೆ ಕಾವಲುಗಾರನ ಮನೆ ಹತ್ರ ನಲ್ಲಿ ಇದೆ, ಗುಡ್ಡದ ಆಚೆ. ಹೋದ ಕಡೆಯೆಲ್ಲ ಒಂದಲ್ಲ ಒಂದು ಕಡೆ ಇದ್ದೇ ಇರುತ್ತೆ. ನೀವು ಏಳೋದ್ರೊಳಗೆ ತಂದು ಟ್ಯಾಂಕಿಗೆ ಸುರೀತಿದ್ದೆ."

"ಯಾವಾಗಿಂದ?"

"ಎರಡನೇ ಸಲದಿಂದ."

ಇಷ್ಟು ವರ್ಷ ಎಂಟು ಅಂಗುಲದ ಹಾಸಿಗೆಯ ಮೇಲೆ ನಾನು ಗೊರಕೆ ಹೊಡೆಯುತ್ತಿದ್ದಾಗ ನನ್ನ ತಲೆಯ ಪಕ್ಕದ ತಗಡಿನಾಚೆ ಇದು ನಡೆದಿತ್ತೇ? ಅಣ್ಣ ಮೊದಲು ನಕ್ಕ, ಆಮೇಲೆ ಕೂಗಾಡಿದ.

"ಹಂಗಾದ್ರೆ ನನ್ನ ಲೆಕ್ಕ? ಊರಿಗೆಲ್ಲ ಹೇಳ್ಕೊಟ್ಟಿದೀನಲ್ಲೇ! ಎಲ್ಲಾ ಸುಳ್ಳಾ? ಯಾಕೆ ಹೇಳಲಿಲ್ಲ?"

"ಅವತ್ತು ತಲೇಲಿ ನೊರೆ ಇಟ್ಕೊಂಡು ಕೂತಿದ್ರಲ್ಲ," ಎಂದರು ಅತ್ತಿಗೆ. "ಇನ್ನೊಂದು ಸಲ ಅದನ್ನ ನೋಡೋಕೆ ನನ್ನಿಂದ ಆಗ್ತಿರಲಿಲ್ಲ. ಜಗಳ ಆಮೇಲೆ ಆಡಿ. ಇವತ್ತಿಗೆ ಅವರಿಗೆ ನಾಲ್ಕನೇ ದಿನ. ಪಾಪುಗೆ ಕುಡಿಸೋದು ಪುಡಿ ಹಾಲು, ಅದಕ್ಕೂ ನೀರೇ ಬೇಕು. ಕತ್ತಲಾದ್ರೆ ನಿಮಗೆ ಓಡಿಸೋಕಾಗಲ್ಲ. ಹತ್ತಿ."

ಗಂಡನಿಗೆ ಅವರು ಹತ್ತಿ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಣ್ಣ ಪೈಪು ಸಿಕ್ಕಿಸಿ, ಬಿಳಿ ಕ್ಯಾನುಗಳನ್ನೂ ಹತ್ತಿಸಿಕೊಂಡು ಬಸ್ಸು ತಿರುಗಿಸಿದ. ಕಾವಲುಗಾರನ ನಲ್ಲಿಯ ಮುಂದೆ ನಿಲ್ಲಿಸಿ, ನೀಲಿ ಕ್ಯಾನುಗಳನ್ನು ತುಂಬಿಕೊಂಡೆವು. ಕಾವಲುಗಾರ ಅತ್ತಿಗೆಯನ್ನು ಕಂಡು "ಏನಕ್ಕಾ, ಮೂರು ದಿನದಿಂದ ಕಾಣ್ಲೇ ಇಲ್ಲ?" ಎಂದ. ಅಣ್ಣ ಸ್ಟೀರಿಂಗ್ ನೋಡಿಕೊಂಡು ಕೂತಿದ್ದ. ಅಲ್ಲಿಂದ ಮುಂದೆ ದಾರಿಯುದ್ದಕ್ಕೂ ಪಾಪುವಿನ ಮುಖ ಕಣ್ಣಿಗೆ ಕಟ್ಟುತ್ತಿತ್ತು. ಅಣ್ಣನನ್ನು ಬಯ್ಯಬೇಕೆಂದು ಬಾಯಿಗೆ ಬಂದದ್ದನ್ನೆಲ್ಲ ನುಂಗಿದೆ, ಸೂರ್ಯ ಇಳಿಯುತ್ತಿದ್ದ, ಅವನ ಕಣ್ಣು ರಸ್ತೆಯ ಮೇಲಿರಬೇಕಿತ್ತು.

ಉಪ್ಪಿನ ಬಯಲು ಇನ್ನೂ ಸ್ವಲ್ಪ ದೂರವಿರುವಾಗ ರಸ್ತೆಯ ನಡುವೆ ಒಬ್ಬ ಮನುಷ್ಯ ಕಂಡ. ಓಲಾಡಿಕೊಂಡು ಬರುತ್ತಿದ್ದ. ಟೈಲ್ಸಿನವನು. ತುಟಿ ಒಡೆದು ರಕ್ತ ಕಪ್ಪಾಗಿತ್ತು. ಕೈಯಲ್ಲಿ ಪಾಪುವಿನ ಹಾಲಿನ ಬಾಟಲಿ, ಖಾಲಿ. ಅತ್ತಿಗೆ ಇಳಿದು ಲೋಟ ಹಿಡಿದರು. ಅವನು ಕುಡಿಯುವುದಕ್ಕೆ ಮುಂಚೆ ಅಣ್ಣನ ಮುಂದೆ ಕೈ ಮುಗಿದ.

"ಮೇಷ್ಟ್ರೇ, ನಾನೇ ಏನೋ ಎಡವಟ್ಟು ಮಾಡ್ಕೊಂಡೆ. ನೀವು ಹೇಳಿದ ಹಾಗೇ ಮಾಡಿದ್ವಿ, ಆದ್ರೂ ನಿನ್ನೆ ಖಾಲಿ ಆಗೋಯ್ತು. ವಾಪಸ್ ಹೊರಟ್ರೆ ಚಕ್ರ ಹೂತೋಯ್ತು. ನಮ್ಮ ಕೈಲಿ ನಿಮ್ಮಷ್ಟು ಅಚ್ಚುಕಟ್ಟು ಆಗಲಿಲ್ಲ. ಕ್ಷಮಿಸಿ."

ಸಾಯುವ ಸ್ಥಿತಿಯಲ್ಲಿ ಬಂದವನು ತಾನೇ ಕ್ಷಮೆ ಕೇಳುತ್ತಿದ್ದಾನೆ! ಅತ್ತಿಗೆ ತಲೆ ತಗ್ಗಿಸಿದರು. ಅವರ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಣ್ಣ ಸುಮ್ಮನೆ "ಇರಲಿ ಬಿಡು" ಎಂದಿದ್ದರೆ ಸಾಕಿತ್ತು, ಅವನ ಮೇಷ್ಟ್ರುಗಿರಿ ಹಾಗೇ ಉಳಿಯುತ್ತಿತ್ತು.

ಅಣ್ಣ ಅವನ ಮುಗಿದ ಕೈಗಳನ್ನು ಹಿಡಿದು ಬಿಡಿಸಿದ.

"ನಿಂದೇನೂ ತಪ್ಪಿಲ್ಲ ಕಣೋ. ನನ್ನ ಟ್ಯಾಂಕೂ ನಾಲ್ಕೇ ದಿನ ಬರೋದು. ಮಿಕ್ಕ ನೀರೆಲ್ಲ ಇವಳು ಹೊತ್ತು ತಂದಿದ್ದು. ನಂಗೂ ಗೊತ್ತಾಗಿದ್ದು ಇವತ್ತೇ." ಟೈಲ್ಸಿನವನು ಇಬ್ಬರನ್ನೂ ನೋಡಿದ. ಲೋಟ ತೆಗೆದುಕೊಂಡು ಕುಡಿದ. ಬೈದಿದ್ದರೆ ಅಣ್ಣನಿಗೆ ಎಷ್ಟೋ ಹಗುರಾಗುತ್ತಿತ್ತು.

ಅವನನ್ನು ಹತ್ತಿಸಿಕೊಂಡ ಬಸ್ಸು ಬಯಲಿನ ಅಂಚಿನಲ್ಲಿ ನಿಂತಿತು, ಮುಂದೆ ಹೋದರೆ ಅದೂ ಹೂತುಕೊಳ್ಳುತ್ತಿತ್ತು. ವ್ಯಾನು ದೂರದಲ್ಲಿ ಕಾಣುತ್ತಿತ್ತು. ಅತ್ತಿಗೆ ಎರಡೂ ಕೈಗೆ ಎರಡು ನೀಲಿ ಕ್ಯಾನು ಎತ್ತಿಕೊಂಡು ಇಳಿದು ಹೊರಟರು. ಓಡಲಿಲ್ಲ. ಒಂದೇ ಸಮನೆ ಬೀಸುಹೆಜ್ಜೆ. ನಾನೂ ಅಣ್ಣನೂ ಹಿಂದೆ ಒಂದೊಂದು ಬಿಳಿ ಕ್ಯಾನು ಹಿಡಿದು ಏದುಸಿರು ಬಿಡುತ್ತಾ ಓಡಿದರೂ ಅವರನ್ನು ಮುಟ್ಟಲಾಗಲಿಲ್ಲ. ಅಣ್ಣ ನಡುವೆ ನಿಂತು ಹೆಂಡತಿಯ ಬೆನ್ನನ್ನೇ ನೋಡಿದ. ಬೆಳಗಿನ ವಾಕಿಂಗ್ ಎಂದರೇನೆಂದು ಅವನು ಕಂಡದ್ದು ಆಗ.

ವ್ಯಾನಿನ ನೆರಳಿನಲ್ಲಿ ಆ ತಾಯಿ ಪಾಪುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಪಾಪು ಅಳುತ್ತಿತ್ತು, ಕಣ್ಣಲ್ಲಿ ನೀರಿರಲಿಲ್ಲ. ಅದನ್ನು ಕಂಡು ನಾನು ಮುಖ ತಿರುಗಿಸಿಕೊಂಡೆ. ಅತ್ತಿಗೆ ನೆಲಕ್ಕೆ ಕೂತು, ಚಮಚದ ತುದಿಯಲ್ಲಿ ಒಂದಿಷ್ಟೇ ಒಂದಿಷ್ಟೇ ನೀರು ಅದರ ತುಟಿಗೆ ಬಿಡುತ್ತಾ ಹೋದರು. ತಾಯಿ ಲೋಟವನ್ನೇ ಕಸಿದುಕೊಳ್ಳಲು ಬಂದಳು. "ನಿಧಾನ ಮಗಳೇ, ನಿಧಾನ, ವಾಂತಿ ಮಾಡ್ಕೊಂಡ್ಬಿಡುತ್ತೆ" ಎಂದರು. ಬೆಳಕು ಕೆಂಪಾಗುವ ಹೊತ್ತಿಗೆ ಪಾಪು ಮತ್ತೆ ಅತ್ತಿತು. ಈ ಸಲ ಕೆನ್ನೆಯ ಮೇಲೆ ಒಂದು ಹನಿ ಇಳಿಯಿತು. ನಾವೆಲ್ಲ ದೊಡ್ಡವರು ಅದನ್ನು ನೋಡಿ ಗೊಳೋ ಎಂದು ಅತ್ತೆವು.

ಅಷ್ಟರಲ್ಲಿ ಕತ್ತಲಾಗಿತ್ತು, ನೀರು ಕುಡಿದು ಚೇತರಿಸಿಕೊಂಡಿದ್ದ ಟೈಲ್ಸಿನವನೇ ಬಸ್ಸು ಓಡಿಸಿಕೊಂಡು ಊರ ಆಸ್ಪತ್ರೆಗೆ ಕರೆದೊಯ್ದ. ಪಾಪು ಉಳಿಯಿತು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳುವಾಗ ಅಣ್ಣ ಗೋಡೆ ಹಿಡಿದುಕೊಂಡು ನಿಂತಿದ್ದ.

ಅವರ ವ್ಯಾನು ಎಳೆಸಿಕೊಟ್ಟು ನಾವು ಕೋರೆಯ ಬಯಲಿಗೆ ಮರಳಿದ ಮಾರನೇ ಬೆಳಿಗ್ಗೆ ಡಿಕ್ಕಿಯ ಸದ್ದಿಗೆ ನನಗೆ ಎಚ್ಚರವಾಯಿತು. ಪರದೆ ಸರಿಸಿದೆ. ಅಣ್ಣ ನೀಲಿ ಕ್ಯಾನುಗಳನ್ನು ಹಿಡಿದು ಗುಡ್ಡದ ಕಡೆ ಹೊರಟಿದ್ದ. ಅತ್ತಿಗೆ ಶಾಲು ಹೊದ್ದು ಮೆಟ್ಟಿಲ ಮೇಲೆ ಕೂತಿದ್ದರು, ಕರೆಯಲೂ ಇಲ್ಲ, ತಡೆಯಲೂ ಇಲ್ಲ. ಚಹಾ ಕಾದು ಆರಿತು. ಅವನು ವಾಪಸ್ ಬರುವಾಗ ನಾಲ್ಕು ಹೆಜ್ಜೆಗೊಮ್ಮೆ ಕ್ಯಾನು ಇಳಿಸುತ್ತಿದ್ದ. ಪ್ಯಾಂಟು ಒದ್ದೆ, ಅರ್ಧ ನೀರು ದಾರಿಯ ಪಾಲು. ಬಸ್ಸಿನ ಮುಂದೆ ಬಂದು ಅಂಗೈ ಬಿಚ್ಚಿ ನೋಡಿಕೊಂಡ, ಬೊಬ್ಬೆ ಎದ್ದಿತ್ತು. ಆಮೇಲೆ ಹೆಂಡತಿಯ ಕೈಗಳನ್ನು ನೋಡಿದ.

"ಇದನ್ನಾ?" ಎಂದ. "ದಿನಾನಾ?"

"ದಿನಾ," ಎಂದರು ಅತ್ತಿಗೆ. "ನೀವು ಬಟ್ಟೆ ಒಗೀಬೇಕು ಅಂದ ದಿನ ಎರಡು ಸಲ."