ಹೆರಿಗೆ ವಾರ್ಡಿನ ಹೊಸ ನರ್ಸ್

ಹಿಂದೆ ಅರಸರ ಕಾಲದಲ್ಲಿ ಶತ್ರು ಸೈನ್ಯ ಬಂದು ಇಕ್ಕೇರಿಯಲ್ಲಿ ಬೀಡುಬಿಟ್ಟಾಗ ಊರಿನ ಹೆಂಗಸರು ಅದನ್ನು ಹೇಗೆ ಎದುರಿಸಿದರು ಎಂಬ ಬಗ್ಗೆ ನಾನೊಂದು ಕಾದಂಬರಿ ಬರೆಯುತ್ತಿದ್ದೇನೆ. ನನ್ನ ಮನೆ ಸಾಗರದಲ್ಲಿ. ಬರೆಯಲು ಕೂತು ತಲೆ ಕೆಟ್ಟಾಗಲೆಲ್ಲ ಸ್ಕೂಟರ್ ಹತ್ತಿ ಇಕ್ಕೇರಿಗೆ ಹೋಗುತ್ತಿದ್ದೆ. ದೇವಸ್ಥಾನದ ಸುತ್ತ ತಿರುಗಿ, ಏನೂ ಹೊಳೆಯದೆ, ಇನ್ನಷ್ಟು ಕಸಿವಿಸಿಯಿಂದ ವಾಪಸ್ಸಾಗುತ್ತಿದ್ದೆ. ನನ್ನ ನಾಯಕಿ ಕತ್ತಿ ಹಿಡಿದು ದಂಡನಾಯಕನ ಎದುರು ನಿಂತು ದೊಡ್ಡ ದೊಡ್ಡ ಮಾತಾಡುತ್ತಿದ್ದಳು. ಅವಳನ್ನು ನಾನೇ ನಂಬುತ್ತಿರಲಿಲ್ಲ.

ಬೇಸಿಗೆಯಲ್ಲಿ ತೀರ್ಥಹಳ್ಳಿಗೆ ಹೋದಾಗ ಆ ಅಧ್ಯಾಯವನ್ನು ಚಿಕ್ಕಮ್ಮನಿಗೆ ಓದಿ ಹೇಳಿದೆ. ಅವಳು ಅಮ್ಮನ ತಂಗಿ. ಹರೆಯದಲ್ಲಿ ಕೊಲ್ಲಿಯ ಒಂದು ದೇಶದಲ್ಲಿ ನರ್ಸ್ ಆಗಿದ್ದವಳು. ಅಲ್ಲಿ ಯುದ್ಧವಾದಾಗ ಉಟ್ಟ ಬಟ್ಟೆಯಲ್ಲೇ ಊರಿಗೆ ಮರಳಿದಳು ಎಂಬುದಷ್ಟೇ ನಮಗೆಲ್ಲ ಗೊತ್ತಿತ್ತು. ನಾನು ಓದಿ ಮುಗಿಸುವ ಮೊದಲೇ ಎದ್ದು ಒಳಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು.

"ಚೆನ್ನಾಗಿಲ್ವಾ ಚಿಕ್ಕಮ್ಮ?" ಎಂದೆ.

ಮರುದಿನ ಸಾಗರದ ಹತ್ತಿರದ ವರದಹಳ್ಳಿಗೆ ಹೋಗಬೇಕೆಂದು ನನ್ನ ಜೊತೆಯೇ ಹೊರಟಳು. ಹೊಸನಗರದಲ್ಲಿ ಬಸ್ ಬದಲಿಸಬೇಕಿತ್ತು. ಸಾಗರದ ಬಸ್ ಇನ್ನೂ ಬಂದಿರಲಿಲ್ಲ. ಅವಳು ಕೂತಲ್ಲಿ ಕೂರದೆ ನಿಲ್ದಾಣದ ಈ ತುದಿಯಿಂದ ಆ ತುದಿಗೆ ಓಡಾಡಿ, ಕೊನೆಗೆ ನನ್ನ ಪಕ್ಕ ಬಂದು ಕೂತಳು.

"ನಿನ್ನ ಕಥೆಯವ್ಳು ಅಷ್ಟೊಂದು ಮಾತಾಡ್ತಾಳಲ್ಲ, ಸಿಪಾಯಿಗಳು ಅದನ್ನ ಕೇಳ್ತಾ ನಿಂತಿರ್ತಾರಾ ಮಾರಾಯ್ತಿ?"

ನಾನು ಅವಳತ್ತ ತಿರುಗಿ ಕೂತೆ. ಆಗ ಹೇಳತೊಡಗಿದಳು.

ಪಕ್ಕದ ದೇಶದ ಸೈನ್ಯ ನುಗ್ಗಿ ಊರನ್ನೆಲ್ಲ ಹಿಡಿದ ಮೇಲೆ ಅವಳ ಆಸ್ಪತ್ರೆಯ ಬಾಗಿಲಲ್ಲೂ ಬಂದೂಕಿನವರು ಬಂದು ನಿಂತರಂತೆ. ಹೆರಿಗೆ ವಾರ್ಡಿನಲ್ಲಿ ಆ ಊರಿನವಳೇ ಒಬ್ಬ ಹುಡುಗಿ ಇದ್ದಳು. ಹೆತ್ತು ಇನ್ನೂ ನೆಟ್ಟಗೆ ನಡೆಯಲಾರದವಳು. ಅವಳ ಗಂಡ ಸೈನ್ಯದ ವಿರುದ್ಧ ಗುಟ್ಟಾಗಿ ಕೆಲಸ ಮಾಡುತ್ತಿದ್ದ. ಅವನು ಸಿಗದಿದ್ದಾಗ ಸಿಪಾಯಿಗಳು ಇವಳನ್ನು ಹುಡುಕಿಕೊಂಡು ಬಂದರು. ಚಿಕ್ಕಮ್ಮ ಮತ್ತು ಕೇರಳದ ಇನ್ನೊಬ್ಬ ನರ್ಸ್ ಸೇರಿ ಅವಳಿಗೆ ತಮ್ಮ ಬಿಳಿ ಯೂನಿಫಾರ್ಮ್ ತೊಡಿಸಿದರು. ಕೂಸನ್ನು ಬೇರೆ ಕೂಸುಗಳ ನಡುವೆ ಮಲಗಿಸಿದರು.

"ಅವ್ರು ಒಳಗೆ ಬಂದ್ರು ನೋಡು, ಕೂಸು ಅಳೋಕೆ ಶುರು ಮಾಡ್ತು. ಅದು ಅತ್ತ ಕೂಡ್ಲೆ ಇವ್ಳಿಗೆ ಎದೆಹಾಲು ಸುರಿದು ಬಟ್ಟೆ ಒದ್ದೆ ಆಗ್ತಾ ಬಂತು. ಅವ್ರ ಕಣ್ಣಿಗೆ ಬಿದ್ರೆ ಮುಗೀತು."

"ಎಂತ ಮಾಡ್ದೆ ನೀನು?"

"ಬೇಸಿನ್ನಲ್ಲಿ ನೀರಿತ್ತು. ಅವ್ಳ ಕೈಗೆ ಕೊಡೋ ಹಾಗೆ ಮಾಡಿ ಮೈಮೇಲೇ ಚೆಲ್ಲಿಬಿಟ್ಟೆ. ಕೆನ್ನೆಗೊಂದು ಹೊಡ್ದು, ಕೆಲಸ ಬರದ ಹೊಸಬ್ಳಿಗೆ ಬಯ್ಯೋ ಥರ ಕೂಗಾಡ್ದೆ. ಆ ಗಾಬ್ರೀಲಿ ಬಾಯಿಗೆ ಕನ್ನಡವೇ ಬಂತು. ಹೆದರ್ಬೇಡ ತಂಗಿ, ನಾನಿದೀನಿ, ಬೇಗ ಹೊರಗೆ ಹೋಗು ಅಂತ ಬಯ್ಗುಳದ ದನೀಲೇ ಹೇಳ್ದೆ."

ಸಿಪಾಯಿಗಳು ನಕ್ಕರಂತೆ. ಚಿಕ್ಕಮ್ಮ ಅವಳನ್ನು ರಟ್ಟೆ ಹಿಡಿದು ಬಾಗಿಲಾಚೆ ದಬ್ಬಿದಳು. ಅವರು ಹಾಸಿಗೆಗಳನ್ನೆಲ್ಲ ನೋಡಿ ಹೊರಟುಹೋದರು. ಸಂಜೆ ಆಸ್ಪತ್ರೆಯ ಕೊಳೆ ಬಟ್ಟೆ ಒಯ್ಯುವ ವ್ಯಾನಿನಲ್ಲಿ ತಾಯಿಯನ್ನೂ ಕೂಸನ್ನೂ ದಾಟಿಸಿದರು. ಆಮೇಲೆ ಅವರೇನಾದರೋ ತಿಳಿಯಲಿಲ್ಲ. ಅಷ್ಟರಲ್ಲಿ ಇವರೂ ಮರುಭೂಮಿ ದಾಟಿ ಊರ ದಾರಿ ಹಿಡಿಯಬೇಕಾಯಿತು.

"ನಾನು ಹೇಳಿದ್ದೊಂದೂ ಅವ್ಳಿಗೆ ಅರ್ಥ ಆಗಿಲ್ಲ ಕಣೆ," ಎಂದಳು ಚಿಕ್ಕಮ್ಮ. "ಹೊಡ್ತ ಒಂದೇ ಅರ್ಥ ಆಗಿದ್ದು."

ಬಸ್ ಬಂತು. ಇಬ್ಬರೂ ಹತ್ತಿದೆವು. ದಾರಿಯಲ್ಲಿ ಬಟ್ಟೆಮಲ್ಲಪ್ಪ ಎಂಬ ಊರು ದಾಟಿತು.

"ಇದನ್ನ ಬರೀಲಾ?" ಎಂದು ಆಮೇಲೆ ಕೇಳಿದೆ.

"ಬರಿ. ಹೊಡ್ದಿದ್ದನ್ನ ಮಾತ್ರ ಬಿಡ್ಬೇಡ."

ಹಳೆಯ ಅಧ್ಯಾಯ ಕಿತ್ತುಹಾಕಿ ಹೊಸದಾಗಿ ಬರೆದೆ. ಈಗ ಕಾದಂಬರಿ ಮುಂದೆ ಸಾಗುತ್ತಿದೆ. ಆದರೆ ಚಿಕ್ಕಮ್ಮನಿಗೆ ಸುಮ್ಮನಿರಲಾಗುತ್ತಿಲ್ಲ. ಇಷ್ಟು ವರ್ಷ ಬಾಯಿ ಬಿಡದಿದ್ದವಳು ಈಗ ಬೆಳಗಾದರೆ ಫೋನ್ ಮಾಡಿ, ಆ ಹುಡುಗಿಯ ಹುಬ್ಬು ಹೀಗಿತ್ತು, ಗಲ್ಲ ಹಾಗಿತ್ತು ಎನ್ನುತ್ತಾಳೆ. ಮೊನ್ನೆ ಹೇಳದೆ ಕೇಳದೆ ಸಾಗರಕ್ಕೇ ಬಂದಿಳಿದಳು. ಚಪ್ಪಲಿ ಬಿಡುತ್ತಲೇ, "ಫೋನಲ್ಲಿ ಹುಡುಕಿದ್ರೆ ಯಾರು ಬೇಕಾದ್ರೂ ಸಿಗ್ತಾರಂತಲ್ಲ, ಅವ್ಳನ್ನ ಹುಡುಕು," ಎಂದಳು.

"ಹೆಸರು ಗೊತ್ತಾ?"

"ಇಲ್ಲ."

ಆ ಊರಿನ ಹೆಸರು ಹಾಕಿ ಹುಡುಕಿದೆ. ಬಂದದ್ದು ಫೋಟೋಗಳ ರಾಶಿ: ಮದುವೆಗಳು, ಸಭೆಗಳು, ಮೊಮ್ಮಕ್ಕಳನ್ನು ಎತ್ತಿಕೊಂಡ ಅಜ್ಜಿಯರು. ಚಿಕ್ಕಮ್ಮ ಕನ್ನಡಕ ಮೇಲೇರಿಸಿ, ಒಂದೊಂದು ಮುಖವನ್ನೂ ಬಗ್ಗಿ ನೋಡಿ, "ಇವ್ಳಲ್ಲ, ಮುಂದಿಂದು ತೋರ್ಸು," ಎನ್ನುತ್ತಿದ್ದಳು.