ಮಾವ ಸತ್ತುಹೋದ ಸಿನಿಮಾ

ನನ್ನ ಸೋದರಮಾವ ಕೊಳ್ಳೇಗಾಲದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಒಂದು ಷೆಡ್ಡನ್ನು ನೋಡಿಕೊಂಡು ಅಲ್ಲೇ ಮಲಗುತ್ತಿದ್ದ. ನಾನಾಗ ಶಾಗ್ಯದ ಅಜ್ಜಿಯ ಮನೆಯಿಂದ ದಿನಾ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಹೋಗಿ ಪಿಯುಸಿ ಓದುತ್ತಿದ್ದೆ. ಮಾವನ ಬುತ್ತಿಯೂ ನನ್ನ ಕೈಯಲ್ಲೇ ಹೋಗುತ್ತಿತ್ತು. ಮಧ್ಯಾಹ್ನ ಷೆಡ್ಡಿನ ಜಗಲಿಯ ಮೇಲೆ ಇಬ್ಬರೂ ಕುಳಿತು ಉಣ್ಣುತ್ತಿದ್ದೆವು.

ಆ ವರ್ಷ ಯಜಮಾನರು ಕೆಲಸ ನಿಲ್ಲಿಸಿದರು. ಷೆಡ್ಡು ಖಾಲಿಯಾಯಿತು, ಬೀಗದ ಕೈ ಮಾತ್ರ ಮಾವನ ಹತ್ತಿರ ಉಳಿಯಿತು. ಆಗಲೇ ಸಿನಿಮಾದವರು ಬಂದದ್ದು. ಮೈಸೂರಿನ ಕಡೆಯ ಆರೇಳು ಹುಡುಗರು, ಒಂದು ಕ್ಯಾಮೆರಾ, ಒಂದು ಹಳೇ ವ್ಯಾನು. ಒಬ್ಬೊಬ್ಬರನ್ನೇ ಹಿಡಿದು ತಂದು ಕತ್ತು ಕೊಯ್ಯುವ ಕೊಲೆಗಾರನ ಕಥೆ ಅವರದು. ಅವನ ಅಡಗುತಾಣಕ್ಕೆ ಜಾಗ ಹುಡುಕುತ್ತಿದ್ದರು. ಹೊಗೆ ಹಿಡಿದು ಕಪ್ಪಾದ ಗೋಡೆ, ಸಾಲು ತೊಟ್ಟಿಗಳು, ನಡುವೆ ಮೋರಿ, ಎಷ್ಟು ತೊಳೆದರೂ ಹೋಗದ ಬೆಂದ ಹುಳುವಿನ ವಾಸನೆ. ನಿರ್ದೇಶಕ ಒಳಗೆ ಕಾಲಿಟ್ಟವನೇ, ಇಲ್ಲಿ ಸೆಟ್ಟೇ ಬೇಡ ಅಂದನಂತೆ. ಬೀಗ ತೆಗೆದುಕೊಟ್ಟು ನಿಂತಿದ್ದ ಮಾವನನ್ನು ನೋಡಿ, "ನೀವೇ ಯಾಕೆ ವಾಚ್‌ಮನ್ ಆಗಬಾರದು?" ಅಂತ ಕೇಳಿದ. ಸಿನಿಮಾದಲ್ಲಿ ಮೊದಲು ಸಾಯುವವನು ಆ ವಾಚ್‌ಮನ್.

ರಕ್ತಕ್ಕೆ ದುಡ್ಡಿಲ್ಲದ ಸಿನಿಮಾ ಅದು. ಪಕ್ಕದ ಬೀದಿಯಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುವವರಿಂದ ಕೆಂಪು ತಂದು ಬೆಲ್ಲದ ಪಾಕದಲ್ಲಿ ಕಲಸಿ ಮಾವನ ಕತ್ತಿಗೆ ಸುರಿದರು. ಸೀರೆಗೆ ಹಾಕುವ ಬಣ್ಣ, ಅಷ್ಟು ಸುಲಭವಾಗಿ ಬಿಡುತ್ತದೆಯೇ? ಆ ಭಾನುವಾರ ಊರಿಗೆ ಬಂದ ಮಗನನ್ನು ಅಜ್ಜಿ ಬಾಗಿಲಲ್ಲೇ ನಿಲ್ಲಿಸಿದಳು.

"ಕತ್ತೆಲ್ಲ ಯಾಕ್ಲಾ ಕೆಂಪಗದೆ?"

"ನೂಲಿನ ಬಣ್ಣ ಕಣವ್ವ, ಚೆಲ್ಕತ್ತು."

ಅದು ಸುಳ್ಳೇನೂ ಆಗಿರಲಿಲ್ಲ.

ಕೆಲವು ತಿಂಗಳಾದ ಮೇಲೆ ಸಿನಿಮಾ ಕೊಳ್ಳೇಗಾಲದ ಟಾಕೀಸಿಗೆ ಬಂತು. ಬೆಳಗಿನ ಆಟ ಒಂದೇ. ನಮ್ಮ ಬೀದಿಯವರು ಹದಿನೈದು ಜನ ಬಸ್ಸು ಹತ್ತಿದೆವು. ಮಗ ಸಿನಿಮಾದಲ್ಲಿ ಬರುತ್ತಾನೆ ಅನ್ನುವುದಷ್ಟೇ ಅಜ್ಜಿಗೆ ಗೊತ್ತಿತ್ತು, ಉಳಿದದ್ದನ್ನು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಮಾವ ಒಳಗೆ ಬರಲೊಲ್ಲದೆ ಹೊರಗಿನ ಟೀ ಅಂಗಡಿಯಲ್ಲೇ ಕುಳಿತ. ಜನ ಏನನ್ನುತ್ತಾರೋ ಕೇಳಬೇಕು ಅಂತ ಹೊಸ ಷರಟು ಬೇರೆ ಹಾಕಿಕೊಂಡಿದ್ದ.

ಪರದೆಯ ಮೇಲೆ ಮಾವ ಬೀಡಿ ಹಚ್ಚಿದಾಗ ನಮ್ಮ ಸಾಲಿನವರೆಲ್ಲ ಶಿಳ್ಳೆ ಹೊಡೆದರು. ಅಜ್ಜಿಯ ಮುಖ ಅರಳಿತು. ಅಷ್ಟರಲ್ಲಿ ತೊಟ್ಟಿಯ ಹಿಂದಿನಿಂದ ಒಂದು ನೆರಳು ಎದ್ದಿತು. ಅಜ್ಜಿ ಕುರ್ಚಿಯಿಂದ ಎದ್ದುನಿಂತಳು.

"ಲೇ, ಇಂದ್ಕೆ ತಿರುಗ್ಲಾ. ನಿನ್ ಇಂದೆ ಅವ್ನೆ."

ಇಡೀ ಟಾಕೀಸು ಗೊಳ್ಳೆಂದಿತು. ಮಾವ ತಿರುಗಲಿಲ್ಲ. ಕತ್ತಿನಿಂದ ಕೆಂಪು ಹರಿದು ಮೋರಿ ಸೇರುವಾಗ ಅಜ್ಜಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಕುಸಿದು ಕುಳಿತಳು. ನಾನು ಅವಳ ಕೈ ಹಿಡಿದುಕೊಂಡೆ. "ಸುಳ್ಳು ಕಣಜ್ಜಿ, ಬೆಲ್ಲದ ಪಾಕ" ಅಂದೆ. ಕೇಳಿಸಿತೋ ಇಲ್ಲವೋ. ಆಟ ಮುಗಿಯುವವರೆಗೆ ಅವಳು ಸೆರಗು ತೆಗೆಯಲಿಲ್ಲ.

ಹೊರಗೆ ಬಂದಾಗ ಮಾವ ನಗುತ್ತಾ ಎದುರು ಬಂದ. ಅಜ್ಜಿ ನೆಟ್ಟಗೆ ಅವನ ಹತ್ತಿರ ಹೋಗಿ ಷರಟಿನ ಕಾಲರು ಸರಿಸಿ ಕತ್ತನ್ನು ಮುಟ್ಟಿ ನೋಡಿದಳು. ಎರಡೂ ಕಡೆ ಸವರಿ ನೋಡಿದಳು. ಸುತ್ತ ಜನ ನಿಂತಿದ್ದರು, ಮಾವನಿಗೆ ನಾಚಿಕೆ. ಬಸ್ಸು ಹತ್ತುವ ಮುಂಚೆ ಅಜ್ಜಿ ಹೇಳಿದಳು: "ಇನ್ನೊಂದ್ ಸಲ ಸಾಯ್ಬ್ಯಾಡ ಕಣ್ ಮಗ. ಒಂದ್ ಸಲ ನೋಡಿದ್ದೇ ಸಾಕು."

ಆ ವಾರವೆಲ್ಲ ನಮ್ಮ ಜಗಲಿಯ ಮೇಲೆ ಅದೇ ಮಾತು. ಎದುರು ಮನೆಯವರು, "ಚಂದಾಗಿ ಸತ್ತಿದ್ದೀಯ, ಆದ್ರೆ ಬಾಳ ಬೇಗ ಸತ್ತೋದೆ" ಅಂದರು. ಸತ್ತ ಸುದ್ದಿ ಸುಳ್ಳಾದರೆ ಆಯಸ್ಸು ಹೆಚ್ಚುತ್ತದೆ ಅಂತ ಇನ್ನೊಬ್ಬರು ಅಜ್ಜಿಗೆ ಸಮಾಧಾನ ಹೇಳಿದರು. ಲೊಕ್ಕನಹಳ್ಳಿ ಕಡೆಯ ಪೋಡು ಎನ್ನುವ ಕಾಡಿನ ಹಟ್ಟಿಯಿಂದ ಜೇನು ತರುತ್ತಿದ್ದ ಸೋಲಿಗರವನೊಬ್ಬ ಮಾವನ ಗೆಳೆಯ, ಕಾಡಿನಲ್ಲಿ ವಾಚರ್ ಕೆಲಸವನ್ನೂ ಮಾಡುತ್ತಿದ್ದ. ಅವನೂ ಸಿನಿಮಾ ನೋಡಿ ಬಂದ. ತುಂಬ ಹೊತ್ತು ಯೋಚಿಸಿ ಹೇಳಿದ:

"ರಕ್ತ ಅಂಗಿರದಿಲ್ಲ ಕಣಣ್ಣ. ಗಳಿಗೇಲಿ ಕಪ್ಪಾಯ್ತದೆ, ನೊಣ ಮುತ್ಕತವೆ. ಅದ್ರಲ್ಲಿ ಒಂದು ನೊಣನೂ ಇಲ್ವಲ್ಲ."

"ನೊಣ ಇಲ್ದಿದ್ರೆ ಏನಾಯ್ತು, ಇರುವೆ ಇದ್ದೋ" ಅಂದ ಮಾವ. ಪಾಕಕ್ಕೆ ಮುತ್ತಿದ ಇರುವೆ ಕಚ್ಚಿ, ಹೆಣವಾಗಿ ಬಿದ್ದಿದ್ದಾಗ ಅವನ ಭುಜ ಒಮ್ಮೆ ಅದುರಿತ್ತು, ಅದೂ ಸಿನಿಮಾದಲ್ಲಿ ಹಾಗೇ ಉಳಿದಿತ್ತು.

ಅಜ್ಜಿ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು. ಅಷ್ಟು ಸಾಲದೆ ಮಾದಪ್ಪನ ಬೆಟ್ಟಕ್ಕೆ ಕರೆದುಕೊಂಡು ಹೋಗಿ ಮಗನ ಮುಡಿ ಕೊಡಿಸಿದಳು. ಮುಂದಿನ ತಿಂಗಳು ಅದೇ ನಿರ್ದೇಶಕ ಇನ್ನೊಂದು ಸಿನಿಮಾಕ್ಕೆ ಕರೆದ. ಈ ಸಲ ಸಾಯುವ ಪಾತ್ರವಲ್ಲ, ಪೊಲೀಸ್ ಪೇದೆ. ಮಾವ ಎರಡು ದಿನ ಯೋಚಿಸಿ ಆಗಲ್ಲ ಅಂದುಬಿಟ್ಟ. ಪೊಲೀಸಿನವರೂ ಸಾಯುತ್ತಾರಲ್ಲ ಅಂತ ಅಜ್ಜಿ ಹೇಳಿದ್ದಳು. ಆಮೇಲೆ ಅವನು ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೆಲಸಕ್ಕೆ ಸೇರಿದ, ಮದುವೆಯಾಯಿತು, ಸಿನಿಮಾದ ಮಾತು ತಾನಾಗಿ ನಿಂತಿತು.

ಅಜ್ಜಿ ಈಗಿಲ್ಲ. ಆ ಟಾಕೀಸಿನ ಜಾಗದಲ್ಲಿ ಮದುವೆ ಮಂಟಪ ಎದ್ದಿದೆ. ನಾನು ಯಳಂದೂರಿನಲ್ಲಿ ಟೀಚರ್. ಈಚೆಗೆ ಒಂದು ದಿನ ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರ ಫೋನಿನಲ್ಲಿ ಆ ಸಿನಿಮಾ ಕಂಡೆ. ಯಾರೋ ಇಂಟರ್‌ನೆಟ್ಟಿಗೆ ಪೂರ್ತಿಯಾಗಿ ಹಾಕಿದ್ದರು. ಕೆಳಗೆ ನೂರಾರು ಅಭಿಪ್ರಾಯ. ಭಾನುವಾರ ಮನೆಗೆ ಬಂದ ಮಾವನಿಗೆ ಕನ್ನಡಕ ಹಾಕಿಸಿ ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಫೋನಿನಲ್ಲಿ ಒಂದೊಂದೇ ಓದಿದೆ. ದಂಡದ ಸಿನಿಮಾ ಅಂತ ಒಬ್ಬ. ಟೊಮೆಟೊ ಸಾಸ್ ಖರ್ಚಾಗಿದ್ದೇ ಬಂತು ಅಂತ ಇನ್ನೊಬ್ಬ. ಹೆಣ ಅಲ್ಲಾಡುತ್ತದೆ, ನಿಲ್ಲಿಸಿ ನೋಡಿ ಅಂತ ನಿಮಿಷ ಸೆಕೆಂಡು ಸಮೇತ ಮತ್ತೊಬ್ಬ. ಮಾವ ಎಲ್ಲಕ್ಕೂ ನಗುತ್ತಿದ್ದ. ಟಾಕೀಸಿನ ಹೊರಗೆ ಟೀ ಅಂಗಡಿಯಲ್ಲಿ ಕಿವಿಗೊಟ್ಟು ಕಾದಿದ್ದ ಆ ಮಾವನೇ ಪಕ್ಕದಲ್ಲಿ ಕುಳಿತ ಹಾಗಿತ್ತು.

ಒಬ್ಬ ಬರೆದಿದ್ದ: "ಇಡೀ ಸಿನಿಮಾದಲ್ಲಿ ನಿಜವಾಗಿ ಹೆದರಿದವನು ಆ ವಾಚ್‌ಮನ್ ಒಬ್ಬನೇ. ಪಾಪ, ಎಲ್ಲಿದ್ದಾನೋ."

ಮಾವ ಅದನ್ನು ಎರಡು ಸಲ ಓದಿಸಿದ.

"ನಿಜ್ವಾಗೂ ಎದ್ರಿದ್ಯಾ ಮಾವ?" ಅಂತ ಕೇಳಿದೆ.

"ಊ ಕೂಸೇ. ಆ ಕತ್ತಿ ಮಾಂಸದಂಗ್ಡೀದು. ಅಂಚು ಮೊಂಡು ಮಾಡಿವ್ರೋ ಇಲ್ವೋ ಅಂತ ಕೇಳಕ್ಕೆ ಮರ್ತ್‌ಬುಟ್ಟಿದ್ದೆ." ಮತ್ತೆ, "ಅವ್ವಂಗೆ ಮಾತ್ರ ಏಳ್ಲಿಲ್ಲ" ಅಂದ.

ಆ ಅಪರಿಚಿತನಿಗೆ ಉತ್ತರ ಬರೆಯಲು ಹೇಳಿದ. ಅವನು ಹೇಳಿದಂತೆಯೇ ಬರೆದೆ: ಕೊಳ್ಳೇಗಾಲದಲ್ಲೇ ಇದ್ದೇನೆ, ಇಬ್ಬರು ಹೆಣ್ಣುಮಕ್ಕಳು, ಚೆನ್ನಾಗಿದ್ದೇನೆ. ಕಳಿಸುವ ಮುಂಚೆ ತಾನೇ ಒಂದು ಸಲ ನಿಧಾನವಾಗಿ ಓದಿಕೊಂಡ. ಆಮೇಲೆ ತನ್ನ ಬೆರಳಿನಿಂದಲೇ ಒತ್ತಿದ.